ಬೋಳು ಕೆಸರು ಬೋಳಾಗಿಯೇ ಇರಲಿ: ಅಘನಾಶಿನಿ ಅಳಿವೆಯ ವಲಸೆ ಹಕ್ಕಿಗಳ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನಮ್ಮೂರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ಮನೆಯ ಗಜನಿಯಲ್ಲಿ (ಅಳಿವೆಯ ಅಂಚಿನ, ಒಡ್ಡು ಕಟ್ಟಿದ ಗದ್ದೆ) ಕಗ್ಗ ಭತ್ತ ಬೆಳೆಯುವುದು ನಿಂತು ಬಹಳ ವರ್ಷವಾಯಿತು. ಸೀಗಡಿ ಹೊಂಡ ಮಾಡುತ್ತೇವೆ, ಗೇಣಿಗೆ ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಊರಿನ ಯುವಕ ಸಂಘದವರು, ಇಳಿತದಲ್ಲಿ ಕಾಣುವ ಬೋಳು ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡೋಣ, ಹೊರದೇಶದಿಂದ ಬರುವ ಹಕ್ಕಿಗಳಿಗೆ ಒಳ್ಳೆಯದು ಎನ್ನುತ್ತಾರೆ. ಅಳಿವೆ ಈಗ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಆಗಿದೆಯಲ್ಲ, ಅದರಿಂದ ನಮ್ಮ ಜಮೀನಿಗೆ ತೊಂದರೆ ಇದೆಯೇ? ನಾಲ್ಕು ತಿಂಗಳು ಬಂದು ಹೋಗುವ ಹಕ್ಕಿಗಳಿಗೆ ಇಷ್ಟೊಂದು ಜಾಗ ಬೇಕೇ? ಇಲ್ಲಿ ಜಾಗ ಕಡಿಮೆಯಾದರೆ ಅವು ಬೇರೆ ಕಡೆ ಹೋಗುವುದಿಲ್ಲವೇ?

ಉತ್ತರ: ಮೊದಲು ಕಾಂಡ್ಲಾ ವಿಷಯ ಹೇಳಿಬಿಡುತ್ತೇನೆ. ಅದಕ್ಕೇ ಅವಸರ ಜಾಸ್ತಿ. ಆ ಬೋಳು ಕೆಸರಿನಲ್ಲಿ ದಯವಿಟ್ಟು ಸಸಿ ನೆಡಬೇಡಿ. ಸಂಘದ ಹುಡುಗರಿಗೆ ಬೇಜಾರಾಗಬಹುದು, ಅವರು ಒಳ್ಳೆಯ ಮನಸ್ಸಿನಿಂದಲೇ ಹೊರಟಿದ್ದಾರೆ. ಆದರೆ ನೀವು ಹೇಳುವ ಹಕ್ಕಿಗಳಿಗೆ ಬೇಕಾಗಿರುವುದು ಆ ಬೋಳು ಕೆಸರೇ. ಅಳಿವೆಗೆ ಚಳಿಗಾಲದಲ್ಲಿ ಬರುವ ಪ್ಲೋವರ್, ಸ್ಯಾಂಡ್‌ಪೈಪರ್, ಕರ್ಲ್ಯೂ, ಗಾಡ್‌ವಿಟ್ ಇವೆಲ್ಲ ನೆಲದ ಮೇಲೆ ಓಡಾಡಿ ಹೊಟ್ಟೆ ಹೊರೆಯುವ ಹಕ್ಕಿಗಳು. ಕೆಲವು ಜಾತಿ ಬಿಟ್ಟರೆ ಉಳಿದವು ಮರದ ಮೇಲೆ ಕೂರುವುದೂ ಇಲ್ಲ. ಸುತ್ತಲೂ ದೂರದವರೆಗೆ ಬಯಲು ಕಾಣಬೇಕು, ಗಿಡುಗ ಬಂದರೆ ಮೊದಲೇ ಗೊತ್ತಾಗಬೇಕು. ಹತ್ತಿರದಲ್ಲಿ ಎತ್ತರದ ಗಿಡ ಬಂದರೆ ಆ ಜಾಗವನ್ನೇ ಬಿಟ್ಟು ದೂರ ಸರಿಯುತ್ತವೆ.

ಹೊರಗಿನವರಿಗೆ ಆ ಕೆಸರು ಪಾಳುಬಿದ್ದ ಜಾಗದ ಹಾಗೆ ಕಾಣುತ್ತದೆ. ಹುಲ್ಲಿಲ್ಲ, ಗಿಡವಿಲ್ಲ, ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. ಒಂದು ದಿನ ಇಳಿತದ ಹೊತ್ತಿಗೆ ದಂಡೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ನೀರು ಹಿಂದೆ ಸರಿಯುತ್ತಿದ್ದಂತೆ ಮೊದಲು ಸಣ್ಣ ಮರಳು ಪ್ಲೋವರ್‌ಗಳು ಬರುತ್ತವೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡವು, ಬೂದು ಬೆನ್ನು, ಬಿಳಿ ಹೊಟ್ಟೆ. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಬಗ್ಗಿ ಏನನ್ನೋ ಹೆಕ್ಕುತ್ತವೆ. ಇವು ಕಣ್ಣಿಂದ ಹುಡುಕುವ ಹಕ್ಕಿಗಳು. ಕೆಸರಿನ ಮೇಲೆ ಹುಳು ತಲೆ ಎತ್ತಿದ ಕ್ಷಣ ಕಾಣಬೇಕು, ಅದಕ್ಕೇ ಆ ಓಟ, ಆ ನಿಲುಗಡೆ.

ಸ್ಯಾಂಡ್‌ಪೈಪರ್‌ಗಳ ರೀತಿ ಬೇರೆ. ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಲೇ ಮುಂದೆ ಹೋಗುತ್ತವೆ. ಅವುಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಒಳಗೆ ಒತ್ತಡವನ್ನು ಗುರುತಿಸುವ ನರಗಳ ತುದಿಗಳು. ಕೊಕ್ಕಿಗೆ ತಾಗದಿದ್ದರೂ, ಹತ್ತಿರದಲ್ಲಿ ಚಿಪ್ಪಿಯೊಂದು ಹೂತಿದೆ ಅಂತ ಒದ್ದೆ ಮರಳಿನ ಒತ್ತಡದಿಂದಲೇ ತಿಳಿಯುವ ಹಕ್ಕಿಗಳು ಈ ಗುಂಪಿನಲ್ಲಿವೆ. ಹಲವು ಜಾತಿಗಳು ಕೊಕ್ಕನ್ನು ಬುಡದವರೆಗೆ ಕೆಸರಿಗಿಳಿಸಿ, ತುದಿಯನ್ನಷ್ಟೇ ತೆರೆದು ಹುಳುವನ್ನು ಹಿಡಿಯಬಲ್ಲವು. ಆದರೆ ಕೆಸರು ಒದ್ದೆಯಾಗಿ, ಮೆತ್ತಗೆ ಇರಬೇಕು. ಒಣಗಿ ಗಟ್ಟಿಯಾದ ನೆಲದಲ್ಲಿ, ಬೇರು ಹೆಣೆದುಕೊಂಡ ನೆಲದಲ್ಲಿ ಈ ಕೊಕ್ಕು ಕೆಲಸಕ್ಕೆ ಬರುವುದಿಲ್ಲ.

ಇನ್ನು ಕರ್ಲ್ಯೂ. ಉದ್ದನೆಯ, ಕೆಳಕ್ಕೆ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿ. ಏಡಿಯ ಬಿಲಕ್ಕೆ ಕೊಕ್ಕು ತೂರಿಸಿ ಏಡಿಯನ್ನು ಎಳೆದು ತೆಗೆದು, ಒಂದೆರಡು ಸಲ ಝಾಡಿಸಿ, ಕಾಲು ಉದುರಿದ ಮೇಲೆ ನುಂಗುತ್ತದೆ. ಒಂದೇ ಕೆಸರು ನೋಡಿ. ಮೇಲ್ಪದರದ್ದು ಪ್ಲೋವರ್‌ಗೆ, ನಡುವಿನದ್ದು ಸ್ಯಾಂಡ್‌ಪೈಪರ್‌ಗೆ, ಆಳದ್ದು ಕರ್ಲ್ಯೂಗೆ. ಇಷ್ಟು ಹಕ್ಕಿಗಳು ಜಗಳವಿಲ್ಲದೆ ಒಂದೇ ಕಡೆ ಹೇಗೆ ಉಣ್ಣುತ್ತವೆ ಅನ್ನುವುದಕ್ಕೆ ಅದೇ ಉತ್ತರ. ನಿಮ್ಮೂರಿನ ಹೆಂಗಸರು ಬಳಚು (ತಿನ್ನುವ ಚಿಪ್ಪಿ) ಹೆಕ್ಕುವುದೂ ಅದೇ ಕೆಸರಿನಲ್ಲಿ, ಅದೇ ಇಳಿತದಲ್ಲಿ ಅಲ್ವಾ? ಕೈಯಿಂದ ಹೆಕ್ಕುವವರು ಒಂದು ಕಡೆ, ಹಕ್ಕಿ ಒಂದಿಷ್ಟು ದೂರದಲ್ಲಿ. ತಲೆಮಾರುಗಳಿಂದ ಹೀಗೇ ನಡೆದಿದೆ. ಈ ಜಾಗದ ಮೇಲೆ ಹಕ್ಕಿಗೂ ಅವರಿಗೂ ಇರುವ ಹಕ್ಕು ಒಂದೇ ತೂಕದ್ದು ಎಂದು ನಾನು ನಂಬುತ್ತೇನೆ.

ಸಸಿ ನೆಡಬೇಡಿ ಎಂದು ಇಷ್ಟು ಒತ್ತಿ ಹೇಳಲು ಇನ್ನೂ ಒಂದು ಕಾರಣವಿದೆ. ಅಳಿವೆಯ ಕೆಸರೆಲ್ಲ ಒಂದೇ ಮಟ್ಟದಲ್ಲಿಲ್ಲ. ನೀರಿನ ಅಂಚಿನ ತಗ್ಗು ಕೆಸರು ಇಳಿತದಲ್ಲಿ ಸ್ವಲ್ಪ ಹೊತ್ತು ಮಾತ್ರ ತೆರೆದುಕೊಳ್ಳುತ್ತದೆ. ದಂಡೆಯ ಕಡೆಯ ಎತ್ತರದ ಕೆಸರು ಎಲ್ಲಕ್ಕಿಂತ ಮೊದಲು ತೆರೆದುಕೊಂಡು ಎಲ್ಲಕ್ಕಿಂತ ಕೊನೆಗೆ ಮುಳುಗುತ್ತದೆ. ಹಕ್ಕಿಗೆ ಹೆಚ್ಚು ಹೊತ್ತು ಊಟ ಸಿಗುವುದು ಅಲ್ಲಿ. ಕಾಂಡ್ಲಾ ಬದುಕುವುದೂ ಅದೇ ಮಟ್ಟದಲ್ಲಿ, ಜನ ಮಣ್ಣು ತುಂಬಿ ಜಾಗ ಮಾಡಿಕೊಳ್ಳುವುದೂ ಅಲ್ಲಿಂದಲೇ. ನಕ್ಷೆಯಲ್ಲಿ ನೋಡಿದರೆ ಹೋಗಿರುವುದು ಸಣ್ಣ ಪಟ್ಟಿ. ಹಕ್ಕಿಯ ಲೆಕ್ಕದಲ್ಲಿ ದಿನದ ಊಟದ ಹೊತ್ತಿನಲ್ಲೇ ದೊಡ್ಡ ಪಾಲು ಹೋಗಿರುತ್ತದೆ.

ಕೇರಳದ ಕಡಲುಂಡಿಯಲ್ಲಿ ಇದು ಕಣ್ಣೆದುರೇ ನಡೆದಿದೆ. ಕೋಯಿಕ್ಕೋಡಿನ ಹತ್ತಿರದ ಆ ಅಳಿವೆ ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ಹೆಸರಾಂತ ಹಕ್ಕಿ ತಾಣ. 2007ರಲ್ಲಿ ಕಡಲುಂಡಿ–ವಳ್ಳಿಕ್ಕುನ್ನು ಸಮುದಾಯ ಮೀಸಲು ಅಂತ ಘೋಷಣೆಯೂ ಆಯಿತು. ಆದರೆ ಕಾಂಡ್ಲಾ ಹಬ್ಬುತ್ತಾ, ಮರಳು ತುಂಬುತ್ತಾ ಕೆಸರು ಬಯಲು ಕಡಿಮೆಯಾಯಿತು. ಅದರ ಜೊತೆಗೇ ದಡದ ಹಕ್ಕಿಗಳೂ ಕಡಿಮೆಯಾದವು. ಹೆಸರು ಬಂತು, ಕಾಯ್ದೆಯ ಆಸರೆ ಬಂತು, ಹಸಿರೂ ಹೆಚ್ಚಾಯಿತು. ಹಕ್ಕಿ ಬರುತ್ತಿದ್ದ ಕಾರಣ ಮಾತ್ರ ಉಳಿಯಲಿಲ್ಲ.

ನಾನು ಕಾಂಡ್ಲಾ ವಿರೋಧಿ ಅಂತ ತಿಳಿಯಬೇಡಿ. ಅದರ ಬೇರಿನ ನಡುವೆ ಮೀನು ಮರಿ, ಸೀಗಡಿ ಮರಿ ಬೆಳೆಯುತ್ತವೆ, ಒಡ್ಡು ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ. ಹಾಗಾಗಿ ಸಂಘದವರ ಉತ್ಸಾಹಕ್ಕೆ ಜಾಗ ತೋರಿಸಿ. ಗಜನಿಯ ಹೊರ ಒಡ್ಡು ಸವೆದು ಕುಸಿಯುತ್ತಿರುವ ಕಡೆ, ಹಿಂದೆ ಕಾಂಡ್ಲಾ ಇದ್ದು ಕಡಿದುಹೋದ ಕಡೆ, ಸಣ್ಣ ಹಳ್ಳಗಳ ಅಂಚಿನಲ್ಲಿ ನೆಡಲಿ. ಎಲ್ಲಿ ಹಿಂದೆ ಇತ್ತು ಎನ್ನುವುದನ್ನು ಊರಿನ ಹಿರಿಯ ಮೀನುಗಾರರನ್ನು ಕೇಳಿದರೆ ಸಾಕು. ಹಿಂದೆಂದೂ ಇಲ್ಲದ ಬಯಲು ಕೆಸರಿನಲ್ಲಿ ಮಾತ್ರ ಬೇಡ.

ಈಗ ನಿಮ್ಮ ಗಜನಿಗೆ ಬರುತ್ತೇನೆ. ಇಳಿತದಲ್ಲಿ ಕೆಸರಿನಲ್ಲಿ ಉಣ್ಣುವ ಹಕ್ಕಿಗಳು ಉಬ್ಬರ ಬಂದಾಗ ಎಲ್ಲಿಗೆ ಹೋಗುತ್ತವೆ? ಇದನ್ನು ಯೋಚಿಸುವವರು ಕಡಿಮೆ. ಕೆಸರೆಲ್ಲ ಮುಳುಗಿದಾಗ ಅವಕ್ಕೆ ನಿಲ್ಲಲು ಒಂದು ಜಾಗ ಬೇಕು. ಬಯಲಾಗಿರಬೇಕು, ನಾಯಿ ಬರಬಾರದು, ಜನರ ಓಡಾಟ ಕಡಿಮೆ ಇರಬೇಕು, ಕೆಸರಿಗೆ ಹತ್ತಿರವೂ ಇರಬೇಕು. ಗಜನಿಯ ಒಳಗಿನ ತೆಳು ನೀರು, ಕಟಾವಾದ ಗದ್ದೆ, ಬೋಳು ಒಡ್ಡು, ಸಾಣಿಕಟ್ಟಾ ಕಡೆ ಇರುವಂಥ ಉಪ್ಪಿನ ಆಗರ, ಇಂಥವೇ ಆ ಜಾಗಗಳು. ಅಲ್ಲಿ ಒತ್ತೊತ್ತಾಗಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಸಿಕ್ಕಿಸಿ, ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತವೆ. ಸಣ್ಣ ಜಾತಿಗಳು ಹೊಟ್ಟೆ ತುಂಬಿರದಿದ್ದರೆ ಅಲ್ಲೂ ಹೆಕ್ಕುತ್ತಿರುತ್ತವೆ.

ಈ ವಿಶ್ರಾಂತಿ ಜಾಗ ಇಲ್ಲದಿದ್ದರೆ ಹಕ್ಕಿ ಉಬ್ಬರದ ಅಷ್ಟೂ ಹೊತ್ತು ಹಾರಾಡುತ್ತಲೇ ಇರಬೇಕು, ಇಲ್ಲವೇ ಬಹಳ ದೂರ ಹೋಗಿ ಬರಬೇಕು. ಇಳಿತದಲ್ಲಿ ತಿಂದದ್ದು ಆ ಹಾರಾಟಕ್ಕೇ ಖರ್ಚಾಗುತ್ತದೆ. ಕೆಸರು ಚೆನ್ನಾಗಿದ್ದೂ ಹಕ್ಕಿ ಕಡಿಮೆಯಾಗುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಸಂರಕ್ಷಣೆ ಮಾಡುವವರು ಕೆಸರನ್ನು ಗುರುತಿಸುತ್ತಾರೆ, ಪಕ್ಕದ ಗದ್ದೆಯನ್ನು ಮರೆಯುತ್ತಾರೆ. ಕಾಯ್ದೆಯೂ ಹೆಚ್ಚು ಕಡಿಮೆ ಹಾಗೇ ಇದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಜೀವಿಗಳಿರುವ ಕೆಸರು ಬಯಲು, ಕಾಂಡ್ಲಾ, ಹಕ್ಕಿಗಳು ಗೂಡು ಕಟ್ಟುವ ಜಾಗ, ಇವಕ್ಕೆ ಅತಿ ಹೆಚ್ಚಿನ ರಕ್ಷಣೆಯ ದರ್ಜೆ ಇದೆ. ನಮ್ಮ ವಲಸೆ ಹಕ್ಕಿಗಳು ಗೂಡು ಕಟ್ಟುವುದು ಲಡಾಖ್, ಟಿಬೆಟ್, ಸೈಬೀರಿಯಾ ಕಡೆ. ಇಲ್ಲಿಗೆ ಬರುವುದು ಉಣ್ಣಲು, ನಿದ್ದೆ ಮಾಡಲು. ಇನ್ನು 2017ರ ಜೌಗುಭೂಮಿ ನಿಯಮಗಳು ಭತ್ತದ ಗದ್ದೆ, ಉಪ್ಪಿನ ಆಗರ, ಮೀನು ಹೊಂಡಗಳನ್ನು ಜೌಗುಭೂಮಿ ಎಂದೇ ಎಣಿಸುವುದಿಲ್ಲ. ಹಾಗಾಗಿ ಉಬ್ಬರದ ಹೊತ್ತಿನ ಹಕ್ಕಿಯ ಮನೆ ಬಹಳ ಮಟ್ಟಿಗೆ ನಿಮ್ಮಂಥ ಜಮೀನುದಾರರ ತೀರ್ಮಾನದ ಮೇಲೇ ನಿಂತಿದೆ. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದದ ಉತ್ತರ ಬರೆಯುತ್ತಿರುವುದು ಅದಕ್ಕೇ.

ಸೀಗಡಿ ಹೊಂಡ ಬೇಡವೇ ಬೇಡ ಎಂದು ಹೇಳುವುದು ನನಗೆ ಸುಲಭ. ಜಮೀನು ಪಾಳು ಬಿದ್ದಿದೆ, ಗೇಣಿ ದುಡ್ಡು ಕೈಗೆ ಬರುತ್ತದೆ, ಮನೆ ನಡೆಯಬೇಕು. ಅದನ್ನು ಮರೆತು ಮಾತಾಡಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಯಾವ ರೀತಿಯ ಸೀಗಡಿ ಎನ್ನುವುದರಲ್ಲಿ ಬಹಳ ವ್ಯತ್ಯಾಸ ಇದೆ. ಆಳವಾಗಿ ತೋಡಿ, ಒಡ್ಡು ಕಡಿದಾಗಿ ಎತ್ತಿ, ವರ್ಷವಿಡೀ ನೀರು ನಿಲ್ಲಿಸಿ, ಬಲೆ ಕಟ್ಟಿ ಹಕ್ಕಿ ಓಡಿಸುವ ಹೊಂಡದಲ್ಲಿ ದಡದ ಹಕ್ಕಿಗೆ ಏನೂ ಇಲ್ಲ. ಮರಳು ಪ್ಲೋವರ್‌ಗೆ ಬೇಕಾದ ನೀರು ಒಂದು ಬೆರಳಿನ ಅಗಲದಷ್ಟೂ ಇಲ್ಲ. ಕರ್ಲ್ಯೂ ಕೂಡ ಗೇಣುದ್ದ ನೀರು ದಾಟಿದರೆ ಇಳಿಯುವುದಿಲ್ಲ. ಹೊಂಡದಿಂದ ಹೊರಬಿಡುವ ಕೊಳಕು ನೀರು ಬಳಚು ಇರುವ ಕೆಸರಿಗೇ ಹೋಗುತ್ತದೆ. ರೋಗದ ಅಪಾಯ ಬೇರೆ. 1990ರ ದಶಕದ ನಡುವೆ ಬಿಳಿ ಚುಕ್ಕೆ ರೋಗ ಬಂದಾಗ ಭಾರತದ ಕರಾವಳಿಯಲ್ಲಿ ಎಷ್ಟೋ ಸೀಗಡಿ ಹೊಂಡಗಳು ಹಾಳಾದವು. ಗೇಣಿಗೆ ಪಡೆದವರು ಬಿಟ್ಟು ಹೋದ ಮೇಲೆ ಉಪ್ಪು ಹಿಡಿದ, ತೋಡಿಟ್ಟ ಜಮೀನು ಯಜಮಾನನ ತಲೆಗೇ ಬೀಳುತ್ತದೆ.

ಇದಕ್ಕೆ ಹೋಲಿಸಿದರೆ ನಿಮ್ಮ ಹಿರಿಯರ ಗಜನಿ ಪದ್ಧತಿ ಎಷ್ಟು ಲೆಕ್ಕಾಚಾರದ್ದು ನೋಡಿ. ಮಳೆಗಾಲದಲ್ಲಿ ಮಳೆ ನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ. ಉಪ್ಪು ನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು, ಗೊಬ್ಬರ ಔಷಧಿ ಕೇಳುವುದಿಲ್ಲ. ಕಟಾವಾದ ಮೇಲೆ ಗೇಟು ತೆಗೆದು ಉಬ್ಬರದ ನೀರು ಬಿಟ್ಟುಕೊಂಡರೆ ಅದರ ಜೊತೆಗೇ ಸೀಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೂಳೆ, ಕೊಳೆತ ಹುಲ್ಲು ಅವಕ್ಕೆ ಆಹಾರ. ಬೇಸಿಗೆಯ ಹೊತ್ತಿಗೆ ಮೀನುಗಾರಿಕೆ. ಕಗ್ಗ ಕೊಯ್ದು ಗದ್ದೆ ತೆರೆದುಕೊಳ್ಳುವುದೂ ಹಕ್ಕಿಗಳು ಬಂದು ನೆಲೆಯಾಗುವುದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ.

ಹಾಂಗ್‌ಕಾಂಗಿನ ಮೈ ಪೋ ಎಂಬಲ್ಲಿ ಇಂಥದ್ದೇ ಹಳೆಯ ಸೀಗಡಿ ಕೆರೆಗಳಿವೆ. ಅಲ್ಲಿ ಅವನ್ನು ಗೇ ವಾಯ್ ಅನ್ನುತ್ತಾರೆ. ಉಬ್ಬರದ ನೀರನ್ನು ಗೇಟಿನಿಂದ ಒಳಗೆ ಬಿಟ್ಟು, ಅದರ ಜೊತೆ ಬಂದ ಸೀಗಡಿ ಮರಿಯನ್ನು ಬೆಳೆಸುವ ಪದ್ಧತಿ. ನಮ್ಮ ಗಜನಿಯ ತಮ್ಮನೋ ಅಣ್ಣನೋ ಅನ್ನಬೇಕು. ಸುತ್ತ ನಗರ ಬೆಳೆದು ಇಂಥ ಕೆರೆಗಳು ಒಂದೊಂದೇ ಮಾಯವಾದವು. ಮೈ ಪೋದಲ್ಲಿ ಉಳಿದವನ್ನು 1980ರ ದಶಕದಿಂದ ಡಬ್ಲ್ಯುಡಬ್ಲ್ಯುಎಫ್ ಎಂಬ ಸಂರಕ್ಷಣಾ ಸಂಸ್ಥೆ ನೋಡಿಕೊಳ್ಳುತ್ತಿದೆ. 1995ರಲ್ಲಿ ಅದು ರಾಮ್‌ಸರ್ ತಾಣವೂ ಆಯಿತು. ಅವರು ಮಾಡುವ ಕೆಲಸ ಬಹಳ ಸರಳ. ಚಳಿಗಾಲದಲ್ಲಿ ಎಲ್ಲ ಕೆರೆಗಳ ನೀರನ್ನು ಒಟ್ಟಿಗೆ ಬಸಿಯುವುದಿಲ್ಲ. ಒಂದಾದ ಮೇಲೆ ಒಂದರಂತೆ ಸರದಿಯಲ್ಲಿ ಬಸಿಯುತ್ತಾರೆ. ಬಸಿದ ಕೆರೆಯಲ್ಲಿ ಉಳಿದ ಸಣ್ಣ ಮೀನು, ಸೀಗಡಿ ಹಕ್ಕಿಗೆ. ಚಳಿಗಾಲದ ಉದ್ದಕ್ಕೂ ಎಲ್ಲೋ ಒಂದು ಕಡೆ ಅವಕ್ಕೆ ಊಟ ತೆರೆದೇ ಇರುತ್ತದೆ.

ನಿಮ್ಮಲ್ಲಿ ಇದನ್ನು ಮಾಡಲು ಯಾವ ಯೋಜನೆಗೂ ಕಾಯಬೇಕಾಗಿಲ್ಲ. ಒಂದು ಗಜನಿಯಲ್ಲಿ ಹಲವು ಮನೆಗಳ ಜಮೀನಿರುತ್ತದೆ, ಒಡ್ಡೂ ಗೇಟೂ ಎಲ್ಲರಿಗೂ ಸೇರಿದ್ದು. ಒಬ್ಬರು ಉಪ್ಪು ನೀರು ನಿಲ್ಲಿಸಿದರೆ ಪಕ್ಕದವರು ಕಗ್ಗ ಬೆಳೆಯಲಾರರು. ಹಾಗಾಗಿ ಗೇಣಿಯ ಮಾತು ನಿಮ್ಮ ಮನೆಯಲ್ಲಷ್ಟೇ ಮುಗಿಯುವುದು ಬೇಡ, ಗಜನಿಯ ಎಲ್ಲರನ್ನೂ ಕೂರಿಸಿ ಮಾತಾಡಿ. ಕೊಡುವುದೇ ಆದರೆ ಕರಾರಿನಲ್ಲಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಭತ್ತಕ್ಕೆ ಜಾಗ ಬಿಡಬೇಕು, ನೆಲ ತೋಡಬಾರದು, ಹೊರಗಿನಿಂದ ಮರಿ ತಂದು ಔಷಧಿ ಸುರಿಯಬಾರದು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದು ಮೂಲೆಯಲ್ಲಾದರೂ ನೀರು ಎರಡು ಮೂರು ಇಂಚು ಮಾತ್ರ ಇರಬೇಕು. ಆ ಮೂಲೆಯ ಒಡ್ಡಿನ ಮೇಲೆ ಹುಲ್ಲು ಪೊದೆ ಬೆಳೆಯದಂತೆ ಸವರಿಡಬೇಕು. ಇಷ್ಟಕ್ಕೆ ಒಪ್ಪದವರು ಬಂದಿರುವುದು ಆಳದ ಹೊಂಡಕ್ಕೇ ಅಂತ ತಿಳಿದುಕೊಳ್ಳಿ. ಅವರನ್ನು ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. 2005ರ ಕಾಯ್ದೆಯ ಪ್ರಕಾರ ಉಪ್ಪುನೀರಿನ ಸೀಗಡಿ ಸಾಕಣೆಗೆ ಆ ನೋಂದಣಿ ಕಡ್ಡಾಯ. ಬೇಸಾಯದ ಜಮೀನು, ಕಾಂಡ್ಲಾ, ಊರೊಟ್ಟಿನ ಜಾಗಗಳನ್ನು ಹೊಂಡ ಮಾಡಬಾರದು ಎಂದು ಅದರ ಮಾರ್ಗಸೂಚಿ ಹೇಳುತ್ತದೆ.

ಜಾಗ ಕಡಿಮೆಯಾದರೆ ಹಕ್ಕಿ ಬೇರೆ ಕಡೆ ಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಎಲ್ಲರೂ ಕೇಳುವ ಪ್ರಶ್ನೆ ಇದು. ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ, ಬಹಳ ದುಬಾರಿ ಉತ್ತರ. ಹಳದಿ ಸಮುದ್ರದ ದಂಡೆಯಲ್ಲಿ ಎರಡು ನದಿಗಳು ಸೇರುವ ದೊಡ್ಡ ಕೆಸರು ಬಯಲು ಅದು. ಸೈಬೀರಿಯಾ ಮತ್ತು ಆಸ್ಟ್ರೇಲಿಯಾದ ನಡುವೆ ಓಡಾಡುವ ಗ್ರೇಟ್ ನಾಟ್ ಎಂಬ ಹಕ್ಕಿ ದಾರಿಯಲ್ಲಿ ಇಳಿದು ಹೊಟ್ಟೆ ತುಂಬಿಕೊಳ್ಳುತ್ತಿದ್ದ ಮುಖ್ಯ ತಾಣ. 2006ರಲ್ಲಿ 33 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ ಸಮುದ್ರವನ್ನು ಮುಚ್ಚಿದರು. ಉಬ್ಬರ ಇಳಿತ ನಿಂತಿತು, ಚಿಪ್ಪಿಗಳು ಸತ್ತವು. ಮುಂದಿನ ಎರಡು ವರ್ಷದ ಎಣಿಕೆಯಲ್ಲಿ ಸುಮಾರು 90,000 ಗ್ರೇಟ್ ನಾಟ್‌ಗಳು ಕಡಿಮೆಯಾಗಿದ್ದವು. ಹಕ್ಕಿ ಬೇರೆ ಕಡೆ ಹೋಗಿರುತ್ತದೆ ಎಂದು ಅಲ್ಲೂ ಹೇಳಿದವರಿದ್ದರು. ಪಕ್ಕದ ಅಳಿವೆಗಳಲ್ಲಿ ಅಷ್ಟು ಹಕ್ಕಿ ಹೆಚ್ಚಾಗಲಿಲ್ಲ. ಆಸ್ಟ್ರೇಲಿಯಾದ ದಂಡೆಯಲ್ಲೂ ಸಂಖ್ಯೆ ಇಳಿಯಿತು. ಅಂದರೆ ಅವು ಎಲ್ಲಿಗೂ ಹೋಗಿರಲಿಲ್ಲ, ಸತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ಜಾತಿ ಅಳಿವಿನಂಚಿನ ಪಟ್ಟಿಗೆ ಸೇರಿತು.

ಪಕ್ಕದ ಕೆಸರಿನಲ್ಲಿ ಜಾಗ ಖಾಲಿ ಇರುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ಅಲ್ಲಿ ಎಷ್ಟು ಹುಳು, ಚಿಪ್ಪಿ ಇದೆಯೋ ಅಷ್ಟು ಹಕ್ಕಿ ಆಗಲೇ ಇರುತ್ತದೆ. ಹೊಸದಾಗಿ ಬಂದವು ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ಅರೆಹೊಟ್ಟೆಯಲ್ಲಿ ಹೊರಟ ಹಕ್ಕಿ ಸಮುದ್ರವನ್ನೋ ಹಿಮಾಲಯವನ್ನೋ ದಾಟಲಾರದು. ಇವು ಎಂಥ ಪ್ರಯಾಣ ಮಾಡುತ್ತವೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2022ರಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಬಾರ್-ಟೇಲ್ಡ್ ಗಾಡ್‌ವಿಟ್ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. 11 ದಿನ, ಎಲ್ಲೂ ಇಳಿಯದೆ. ಹೊರಡುವ ಮೊದಲು ಈ ಹಕ್ಕಿಗಳು ಮೈತುಂಬ ಕೊಬ್ಬು ತುಂಬಿಕೊಳ್ಳುತ್ತವೆ. ಪ್ರಯಾಣದಲ್ಲಿ ಬೇಡದ ಕರುಳು, ಹೊಟ್ಟೆಯ ಚೀಲಗಳನ್ನು ಕುಗ್ಗಿಸಿಕೊಳ್ಳುತ್ತವೆ. ಆ ಕೊಬ್ಬೆಲ್ಲ ಎಲ್ಲಿಂದ ಬರಬೇಕು? ಕೆಸರಿನಿಂದಲೇ.

ನಾಲ್ಕು ತಿಂಗಳ ಮಾತೂ ಪೂರ್ತಿ ಸರಿಯಲ್ಲ. ಆಗಸ್ಟ್ ಕೊನೆಗೇ ಪ್ಲೋವರ್, ಕರ್ಲ್ಯೂಗಳು ನಮ್ಮ ದಂಡೆಗೆ ಬರತೊಡಗುತ್ತವೆ. ಕೊನೆಯವು ಹೊರಡುವುದು ಏಪ್ರಿಲ್‌ನಲ್ಲಿ, ಕೆಲವು ಮೇ ತಿಂಗಳಲ್ಲಿ. ಮೊದಲ ವರ್ಷದ ಮರಿಗಳಲ್ಲಿ ಒಂದಿಷ್ಟು ಆ ಬೇಸಿಗೆ ಪೂರ್ತಿ ಇಲ್ಲೇ ಉಳಿಯುತ್ತವೆ. ವರ್ಷದಲ್ಲಿ ಜಾಸ್ತಿ ದಿನ ಅವು ಕಳೆಯುವುದು ಇಲ್ಲಿ, ಮೊಟ್ಟೆ ಇಡಲು ಹೋಗುವುದು ಕೆಲವೇ ತಿಂಗಳು. ಹಾಗೆ ನೋಡಿದರೆ ಅವು ನಮ್ಮೂರಿನವೇ. ಮಾರ್ಚ್, ಏಪ್ರಿಲ್ ಬಹಳ ನಾಜೂಕಿನ ಕಾಲ. ಪ್ರವಾಸಿಗಳ ದೋಣಿ, ಡ್ರೋನ್, ಫೋಟೋಕ್ಕಾಗಿ ಹತ್ತಿರ ಹೋಗಿ ಹಾರಿಸುವವರು, ಬೀದಿ ನಾಯಿ, ಇವೆಲ್ಲ ಆಗ ಮಾಡುವ ಹಾನಿಯನ್ನು ಹಕ್ಕಿ ಮತ್ತೆ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ.

ಸಂಖ್ಯೆ ಇಳಿಯುತ್ತಿರುವುದು ಕೊರಿಯಾದ ಕಡೆ ಮಾತ್ರ ಅಲ್ಲ. 2024ರಲ್ಲಿ ಐಯುಸಿಎನ್ ಎಂಬ ಜಾಗತಿಕ ಸಂರಕ್ಷಣಾ ಸಂಸ್ಥೆ ಅಳಿವಿನ ಅಪಾಯವನ್ನು ಅಳೆಯುವ ತನ್ನ ಕೆಂಪು ಪಟ್ಟಿಯನ್ನು ಪರಿಷ್ಕರಿಸಿದಾಗ ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡನ್ನೂ ಅಪಾಯಕ್ಕೆ ಸಿಕ್ಕ ಹಕ್ಕಿಗಳ ಸಾಲಿಗೆ ಸೇರಿಸಿತು. ಎರಡೂ ಭಾರತದ ಕರಾವಳಿಗೆ ಬರುವ ಹಕ್ಕಿಗಳೇ. 2025ರಲ್ಲಿ ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ಹಕ್ಕಿ ಭೂಮಿಯ ಮೇಲೆ ಇಲ್ಲ ಎಂದು ಅಧಿಕೃತವಾಗಿ ಘೋಷಣೆಯಾಯಿತು. ಅದನ್ನು ಖಚಿತವಾಗಿ ಕೊನೆಯ ಸಲ ಕಂಡದ್ದು 1995ರಲ್ಲಿ, ಮೊರಾಕೊದ ಒಂದು ಕರಾವಳಿ ಜೌಗಿನಲ್ಲಿ. ಇನ್ನೊಂದು ಕಡೆ ಒಳ್ಳೆಯ ಸುದ್ದಿಯೂ ಇದೆ. ಚೀನಾ 2018ರಲ್ಲಿ ಸಮುದ್ರ ತುಂಬಿ ಭೂಮಿ ಮಾಡುವ ವ್ಯಾಪಾರಿ ಯೋಜನೆಗಳಿಗೆ ತಡೆ ಹಾಕಿತು. 2019ರಲ್ಲಿ ಹಳದಿ ಸಮುದ್ರದ ಅದರ ದಂಡೆಯ ಹಕ್ಕಿ ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡು ವರ್ಷದ ನಂತರ ಕೊರಿಯಾದ ಕೆಸರು ಬಯಲುಗಳೂ ಸೇರಿದವು. ಸೆಮಾಂಗಮ್‌ನಲ್ಲಿ ಗೋಡೆ ಕಟ್ಟಿದ ದೇಶವೇ ಉಳಿದ ಕೆಸರನ್ನು ಜಗತ್ತಿನ ಆಸ್ತಿ ಎಂದು ತೋರಿಸುತ್ತಿದೆ.

ರಾಮ್‌ಸರ್ ಬಗ್ಗೆ ನಿಮಗಿರುವ ಭಯಕ್ಕೆ ಉತ್ತರ ಚಿಕ್ಕದು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರ ಜನವರಿ ಕೊನೆಯಲ್ಲಿ ಆ ಪಟ್ಟಿ ಸೇರಿತು. ಜೊತೆಗೆ ನಮ್ಮ ರಾಜ್ಯದ ಅಂಕಸಮುದ್ರ ಮತ್ತು ಮಾಗಡಿ ಕೆರೆಯೂ ಸೇರಿದವು. ರಾಮ್‌ಸರ್ ಅಂದರೆ ಅಭಯಾರಣ್ಯ ಅಂತಲ್ಲ. ನಿಮ್ಮ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಮೀನು ಹಿಡಿಯುವುದು, ಬಳಚು ಹೆಕ್ಕುವುದು, ಕಗ್ಗ ಬೆಳೆಯುವುದು ನಿಲ್ಲುವುದಿಲ್ಲ. ಜಾಗದ ಗುಣ ಕೆಡದಂತೆ ಬಳಸಿಕೊಳ್ಳಿ ಎನ್ನುವುದೇ 1971ರಲ್ಲಿ ಆದ ಆ ಒಪ್ಪಂದದ ತಿರುಳು. ಕೇಂದ್ರ ಸರ್ಕಾರದ ಪ್ರಕಟಣೆಯಲ್ಲೇ 66 ಜಾತಿಯ ನೀರ ಹಕ್ಕಿಗಳ ಜೊತೆಗೆ, ಈ ಅಳಿವೆಯಿಂದ ಬದುಕುವ 6,000ದಿಂದ 7,500 ಕುಟುಂಬಗಳ ಮಾತೂ ಇದೆ. ಗಜನಿಯ ಹೆಸರೂ ಇದೆ. ಅಲ್ಲಿಗೆ ಬರುವ 15 ಜಾತಿಗಳ ವಿಷಯದಲ್ಲಿ, ಆಯಾ ಜಾತಿ ಹರಡಿರುವ ಇಡೀ ವಲಯದ ಒಟ್ಟು ಹಕ್ಕಿಗಳ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಈ ಒಂದೇ ಅಳಿವೆಯಲ್ಲಿವೆ. ರಾಮ್‌ಸರ್ ಪಟ್ಟಿಗೆ ಸೇರಲು ಇರುವ ಅಳತೆಗಳಲ್ಲಿ ಇದೂ ಒಂದು. ಈ ಹೆಸರನ್ನು ಭಯಕ್ಕಿಂತ ಹೆಚ್ಚಾಗಿ ಆಯುಧವಾಗಿ ನೋಡಿ. ಮುಂದೆ ದೊಡ್ಡ ಯೋಜನೆ ಬಂದಾಗ ಊರಿನವರು ಎತ್ತಿ ತೋರಿಸಬಹುದಾದ ದಾಖಲೆ ಇದು. ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅಂಥ ಕಾಗದ ಇಲ್ಲದೆಯೇ ನಿಮ್ಮ ಕಡೆಯ ಜನ ಹೋರಾಡಿದ್ದರು.

ಒಂದು ವಿಷಯದಲ್ಲಿ ಮಾತ್ರ ದಂಡೆಯಲ್ಲಿ ಕೂತು ಏನೂ ಮಾಡಲಾಗದು. ಅದು ಘಟ್ಟದಿಂದ ಬರುವ ನೀರು. ಶಿರಸಿ ಕಡೆ ಹುಟ್ಟುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪು ನೀರು ಒಳಗೆ ಏರುತ್ತದೆ. ಬಳಚು, ಹುಳು, ಸೀಗಡಿ ಎಲ್ಲ ಈ ಏರಿಳಿತಕ್ಕೆ ಹೊಂದಿಕೊಂಡ ಜೀವಗಳು. ಹೊನ್ನಾವರದ ಶರಾವತಿ ಅಳಿವೆಯನ್ನು ಹೋಲಿಸಿ ನೋಡಿ. ಮೇಲಿನ ಜಲವಿದ್ಯುತ್ ಯೋಜನೆಗಳಿಂದ ವರ್ಷವಿಡೀ ಸಿಹಿ ನೀರು ಬರತೊಡಗಿದ ಮೇಲೆ ಅಲ್ಲಿ ಉಪ್ಪಿನ ಅಂಶ ಕುಸಿದು ಬಳಚು ಬಹಳ ಕಡಿಮೆಯಾಯಿತು. ಅಘನಾಶಿನಿಯನ್ನು ಪೂರ್ವಕ್ಕೆ ತಿರುಗಿಸುವ ಮಾತು ಎದ್ದಾಗೆಲ್ಲ ಶಿರಸಿಯ ತೋಟಿಗರು ದನಿ ಎತ್ತುತ್ತಾರೆ. ಅಳಿವೆಯ ಮೀನುಗಾರರೂ ಗಜನಿ ರೈತರೂ ಆ ಸಭೆಗಳಲ್ಲಿ ಇರಬೇಕು, ನಷ್ಟದ ಲೆಕ್ಕದಲ್ಲಿ ಅಳಿವೆಯೂ ಸೇರಬೇಕು.

ಕೊನೆಗೆ, ಸಸಿ ನೆಡುವ ಉತ್ಸಾಹ ಇರುವ ಆ ಹುಡುಗರಿಗೆ ಒಂದು ಕೆಲಸ ಕೊಡಿ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ ಹಕ್ಕಿಗಳು ಯಾವ ಗಜನಿಯಲ್ಲಿ, ಯಾವ ಒಡ್ಡಿನ ಮೇಲೆ ಒಟ್ಟಾಗುತ್ತವೆ ಎಂದು ದೂರದಿಂದ ನೋಡಿ ಬರೆದಿಡಲಿ. ಇಳಿತದಲ್ಲಿ ಅವು ಬಯಲೆಲ್ಲ ಚದುರಿರುತ್ತವೆ, ಎಣಿಸುವುದು ಕಷ್ಟ. ಉಬ್ಬರದಲ್ಲಿ ಒಂದೆಡೆ ನಿಂತಾಗ ಸುಲಭ. ಸರ್ವೆ ನಂಬರ್, ತಾರೀಖು, ಅಂದಾಜು ಸಂಖ್ಯೆ ಇಷ್ಟಿದ್ದರೆ ಸಾಕು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರ ಹಕ್ಕಿಗಳ ಗಣತಿ ನಡೆಯುತ್ತದೆ, ಅದಕ್ಕೆ ನಿಮ್ಮೂರಿನ ಪಟ್ಟಿಯನ್ನೂ ಕಳಿಸಬಹುದು. ಎರಡು ಮೂರು ಚಳಿಗಾಲದ ಪಟ್ಟಿ ಕೈಯಲ್ಲಿದ್ದರೆ ಅದನ್ನು ಗ್ರಾಮ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಕೊಡಿ. ಅಳಿವೆಗೆ ನಿರ್ವಹಣಾ ಯೋಜನೆ ಮಾಡುವಾಗ ಕೆಸರಿನ ಜೊತೆ ಈ ಗದ್ದೆಗಳನ್ನೂ ಸೇರಿಸಿ, ಒಡ್ಡು ರಿಪೇರಿಗೆ, ಕಗ್ಗ ಬೆಳೆಯುವವರಿಗೆ ನೆರವು ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಹಕ್ಕಿ ಬರುವ ವಾರಗಳಲ್ಲಿ ಗದ್ದೆಗೆ ತೆಳು ನೀರು ನಿಲ್ಲಿಸುವ ಭತ್ತದ ರೈತರಿಗೆ ಒಂದು ಸಂರಕ್ಷಣಾ ಸಂಸ್ಥೆ ದುಡ್ಡು ಕೊಡುತ್ತದೆ. ಗಜನಿ ರೈತರು ಅದನ್ನೇ ಕೇಳಿದರೆ ತಪ್ಪೇನೂ ಇಲ್ಲ. ಮುಂದಿನ ಮಳೆಗಾಲಕ್ಕೆ ಸ್ವಲ್ಪ ಜಾಗದಲ್ಲಾದರೂ ಕಗ್ಗ ಬಿತ್ತುವ ಮನಸ್ಸಿದ್ದರೆ ಬೀಜಕ್ಕೆ ಮಾಣಿಕಟ್ಟಾ ಕಡೆಯ ರೈತರನ್ನು ವಿಚಾರಿಸಿ, ಈಗಲೂ ಬೆಳೆಯುವವರು ಅಲ್ಲಿದ್ದಾರೆ.